ಆರೂವರೆ ಲೀಟರ್

ಸಂಕಲ್ಪದಲ್ಲಿ ಗಾಡಿಯ ಹೆಸರನ್ನೂ ಹೇಳಬೇಕಾಗುತ್ತದೆ ಎಂಬುದು ಡಾಕ್ಟರ್ ಕೃಷ್ಣಸ್ವಾಮಿಯವರಿಗೆ ಹೊಳೆದದ್ದು ಹಲ್ಲುಜ್ಜುವಾಗ. ಬ್ರಷ್ಷು ಬಾಯಲ್ಲೇ ನಿಂತಿತು. ಎಂಬತ್ತಮೂರು ವರ್ಷದ ಮನುಷ್ಯ; ನಲವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ರೋಗಿಗಳ ತಲೆಯ ಹತ್ತಿರ ಕೂತು ಅರಿವಳಿಕೆ ಕೊಟ್ಟವರು; ‘ಏನೂ ಆಗಲ್ಲ, ಹತ್ತರಿಂದ ಹಿಂದಕ್ಕೆ ಎಣಿಸಿ’ ಎಂದು ಸಾವಿರಾರು ಜನರಿಗೆ ನಗುನಗುತ್ತ ಹೇಳಿದವರು; ದೇವರಿದ್ದಾನೆ ಅಂತಲೂ ಇಲ್ಲ ಅಂತಲೂ ಗಟ್ಟಿಯಾಗಿ ಹೇಳದೆ ಇಷ್ಟು ದೂರ ಜಾಣತನದಿಂದ ದಾಟಿ ಬಂದವರು. ಅಂಥವರಿಗೆ ಶನಿವಾರ ಬೆಳಿಗ್ಗೆ ಏಳೂವರೆಗೆ, ಅಮೆರಿಕದ ರಾಕ್‌ವಿಲ್ಲಿನ ತಮ್ಮದೇ ಬಚ್ಚಲುಮನೆಯಲ್ಲಿ, ದೇವರ ಭಯ ಹುಟ್ಟಿತು. ಮನುಷ್ಯರಿಗೆ ಸುಳ್ಳು ಹೇಳುವುದು ಬೇರೆ. ಭಟ್ಟರು ಅಂಗೈಗೆ ಅಕ್ಷತೆ ಹಾಕಿ, ನೀರು ಬಿಟ್ಟು, ಅಮೆರಿಕಕ್ಕೆ ಸಲ್ಲುವ ‘ಕ್ರೌಂಚದ್ವೀಪೇ’ ಎಂದು ಶುರುಮಾಡಿ, ಗೋತ್ರ ನಕ್ಷತ್ರ ರಾಶಿ ಎಲ್ಲ ದಾಟಿದ ಮೇಲೆ, ‘ವೆಹಿಕಲ್ ಯಾವ್ದು ಸಾರ್?’ ಎಂದು ಕೇಳುತ್ತಾರೆ. ಹೋದ ವರ್ಷ ಯಾರದೋ ವ್ಯಾನಿನ ಪೂಜೆಯಲ್ಲಿ ಇವರೇ ಕಿವಿಯಾರೆ ಕೇಳಿದ್ದರು: ‘ಹೋಂಡಾ ಒಡಿಸ್ಸಿ ನಾಮಕ ವಾಹನಸ್ಯ.’ ಆಗ ಬಾಯಿಗೆ ಕರವಸ್ತ್ರ ಇಟ್ಟುಕೊಂಡು ನಕ್ಕಿದ್ದರು. ಈಗ ನಗು ಬರಲಿಲ್ಲ.

‘ಏನ್ರೀ, ಇನ್ನೂ ಹಲ್ಲುಜ್ಜೋದು ಆಗ್ಲಿಲ್ವೇ? ಇರೋ ಹದಿನಾಲ್ಕು ಹಲ್ಲಿಗೆ ಎಷ್ಟೊತ್ತು!’ ಶಾರದಾ ಕೆಳಗಿನಿಂದ ಕೂಗಿದಳು. ‘ಬಂದೆ, ಬಂದೆ’ ಎಂದು ನೊರೆಯ ಬಾಯಿಯಲ್ಲೇ ಹೇಳಿ ಕನ್ನಡಿ ನೋಡಿಕೊಂಡರು. ಕನ್ನಡಿಯಲ್ಲಿದ್ದ ಮುಖ ತಕ್ಕಮಟ್ಟಿಗೆ ಪ್ರಾಮಾಣಿಕವಾಗಿತ್ತು. ಸುಳ್ಳು ಇಷ್ಟೇ: ಕೆಳಗೆ ಗರಾಜಿನಲ್ಲಿ ನಿಂತಿರುವ ನವಿಲುಬಣ್ಣದ, ಎರಡು ಬಾಗಿಲಿನ, ೧೯೬೫ರ ಪಾಂಟಿಯಾಕ್ ಗಾಡಿ, ಐವತ್ತಮೂರು ವರ್ಷದಿಂದ ಅವರು ಹೇಳಿಕೊಂಡು ಬಂದ ಹಾಗೆ ಜಿಟಿಓ ಅಲ್ಲ. ಅದು ಲೆಮಾನ್ಸ್. ಒಂದೇ ಕಂಪನಿ, ಒಂದೇ ವರ್ಷ, ಹೆಚ್ಚೂಕಮ್ಮಿ ಒಂದೇ ಮೈಕಟ್ಟು. ಆದರೆ ಲೆಮಾನ್ಸ್ ಎಂಬುದು ಕಚೇರಿಗೆ ಹೋಗಿ ಬರುವ ಸಭ್ಯಸ್ಥರ ಗಾಡಿ. ಜಿಟಿಓ ಎಂಬುದು ಅಮೆರಿಕದ ಪಡ್ಡೆ ಹುಡುಗರ ನಿದ್ದೆ ಕೆಡಿಸಿದ ಗಾಡಿ, ಮಸಲ್ ಕಾರ್ ಎಂಬ ಕುಲಕ್ಕೇ ಮೂಲಪುರುಷ ಎಂದು ತಿಳಿದವರು ಕೈಮುಗಿಯುವ ಗಾಡಿ. ಅದರ ಎಂಜಿನ್ನು ಆರೂವರೆ ಲೀಟರು. ಇವರದ್ದು ಐದು ಚಿಲ್ಲರೆ. ಜಿಟಿಓ ಎಂಬ ಮೂರಕ್ಷರವನ್ನೂ, ಮುಂದಿನ ಚಕ್ರದ ಹಿಂದೆ ಕೂರುವ ‘೬.೫ ಲೀಟರ್’ ಎಂಬ ಬಿಲ್ಲೆಯನ್ನೂ, ಮೂಗಿನ ಹೊಳ್ಳೆಯಂಥ ಉಬ್ಬಿದ್ದ ಬಾನೆಟ್ಟನ್ನೂ ಇವರೇ ೧೯೭೦ರಲ್ಲಿ ಗುಜರಿಯಿಂದ ತಂದು ಕೂರಿಸಿದ್ದು. ಇದು ಯಾರಿಗೆ ಗೊತ್ತಾದರೂ ಕೃಷ್ಣಸ್ವಾಮಿ ನಕ್ಕು ತೇಲಿಸಿಬಿಡುತ್ತಿದ್ದರು. ಶಾರದಾಗೆ ಮಾತ್ರ ಗೊತ್ತಾಗಬಾರದು.

ಗರಾಜಿನಲ್ಲಿ ಚೈತನ್ಯಾ ಆಗಲೇ ಗಾಡಿ ಒರೆಸುತ್ತಿದ್ದಳು. ಅಟ್ಲಾಂಟದ ಹತ್ತಿರ ಜಾನ್ಸ್ ಕ್ರೀಕ್‌ನಲ್ಲಿ ಹಲ್ಲಿನ ಡಾಕ್ಟರು, ವಯಸ್ಸು ನಲವತ್ತಾರು. ವಾರದ ದಿನ ಮಕ್ಕಳ ಹಲ್ಲಿಗೆ ತಂತಿ ಹಾಕಿ, ಭಾನುವಾರ ಹಳೆ ಗಾಡಿಗಳ ಕೆಳಗೆ ಅಂಗಾತ ಮಲಗಿ ಉಗುರು ಕಪ್ಪು ಮಾಡಿಕೊಳ್ಳುವವಳು. ಗೆಳೆಯ ಕೇಶವಮೂರ್ತಿಯ ಒಬ್ಬಳೇ ಮಗಳು. ಕೇಶವಮೂರ್ತಿ ಎರಡು ವರ್ಷದ ಹಿಂದೆ ತೀರಿಕೊಂಡ. ಹೋದ ತಿಂಗಳು ಕಣ್ಣಿನ ಪರೀಕ್ಷೆಯಲ್ಲಿ ಸೋತು ಕೃಷ್ಣಸ್ವಾಮಿಯವರ ಲೈಸೆನ್ಸು ಹೋದ ದಿನವೇ ಅವರು ಚೈತನ್ಯಾಗೆ ಫೋನ್ ಮಾಡಿ, ‘ಗಾಡಿ ನಿಂದಮ್ಮ, ತಗೊಂಡು ಹೋಗು’ ಎಂದಿದ್ದರು. ಶಾರದಾಳನ್ನು ಕೇಳಿರಲಿಲ್ಲ. ಆ ಗಾಡಿಯ ವಿಷಯದಲ್ಲಿ ಶಾರದಾಳನ್ನು ಕೇಳುವ ಪದ್ಧತಿಯೇ ಮನೆಯಲ್ಲಿರಲಿಲ್ಲ. ಚೈತನ್ಯಾ ನಿನ್ನೆ ವಿಮಾನದಲ್ಲಿ ಬಂದು, ನಾಳೆ ಕೆರೊಲಿನಾಗಳನ್ನು ದಾಟಿಸಿ ಓಡಿಸಿಕೊಂಡೇ ಹೋಗುವವಳಿದ್ದಳು. ಅಷ್ಟು ದೂರ ಹೋಗುವ ಗಾಡಿ, ನವರಾತ್ರಿ ಬೇರೆ, ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಒಂದು ಪೂಜೆ ಮಾಡಿಸಿಯೇ ಕಳಿಸಬೇಕು ಎಂದವಳು ಶಾರದಾ. ‘ಆನ್‌ಲೈನ್ ಬುಕ್ ಮಾಡ್ದೆ ಆಂಟಿ, ಟೆನ್ ಥರ್ಟಿ ಸ್ಲಾಟ್’ ಎಂದಿದ್ದಳು ಚೈತನ್ಯಾ. ಇಬ್ಬರು ಹೆಂಗಸರು ಸೇರಿ ತಮ್ಮನ್ನು ದೇವರ ಕಟಕಟೆಯಲ್ಲಿ ನಿಲ್ಲಿಸುತ್ತಿದ್ದಾರೆ ಎಂಬುದು ಆಗ ಕೃಷ್ಣಸ್ವಾಮಿಯವರಿಗೆ ಹೊಳೆದಿರಲಿಲ್ಲ.

ಊರು ಸುತ್ತುವ ಹೆದ್ದಾರಿ ಬೆಲ್ಟ್‌ವೇ ಮೇಲೆ ಶನಿವಾರದ ಗಾಡಿಗಳು ಸದ್ದಿಲ್ಲದೆ ಓಡುತ್ತಿದ್ದವು. ಚೈತನ್ಯಾ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದಳು. ಪಕ್ಕದಲ್ಲಿ ಇವರು, ಹಿಂದೆ ತೆಂಗಿನಕಾಯಿ, ನಿಂಬೆಹಣ್ಣು, ಹೂವಿನ ಚೀಲ ತೊಡೆಯ ಮೇಲಿಟ್ಟುಕೊಂಡು ಶಾರದಾ. ಪಕ್ಕದ ಲೇನಿನಲ್ಲಿದ್ದವನೊಬ್ಬ ಕಿಟಕಿ ಇಳಿಸಿ ಹೆಬ್ಬೆರಳು ಎತ್ತಿ ತೋರಿಸಿದ. ಅಭ್ಯಾಸಬಲದಿಂದ ಇವರೂ ತೋರಿಸಿದರು. ಯುಗಾದಿ ದೀಪಾವಳಿಗೆ ಜನ ಸೇರಿದಾಗಲೆಲ್ಲ ಈ ಗಾಡಿಯ ಪುರಾಣ ಹೇಳುವುದು ಅವರ ಪಾಲಿಗೆ ಬಂದ ಕೆಲಸ. ಕಂಪನಿಯ ದೊಡ್ಡವರು ಅಪ್ಪಣೆ ಮಾಡಿದ್ದರಂತೆ: ಮಧ್ಯಮ ಗಾತ್ರದ ಗಾಡಿಗೆ ಮುನ್ನೂರಮೂವತ್ತು ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಕೂಡದು. ಪಾಂಟಿಯಾಕ್‌ನ ಎಂಜಿನಿಯರುಗಳು ಯೋಚಿಸಿದರು. ಹೊಸ ಮಾಡೆಲ್ಲು ಎಂದರೆ ಅಪ್ಪಣೆ ಬೇಕು. ಇರುವ ಮಾಡೆಲ್ಲಿಗೇ ‘ಬೇಕಾದವರು ಸೇರಿಸಿಕೊಳ್ಳಬಹುದಾದ ಸಾಮಾನು’ ಎಂದರೆ ಯಾರೂ ಕೇಳುವುದಿಲ್ಲ. ಮುನ್ನೂರೆಂಬತ್ತೊಂಬತ್ತು ಇಂಚಿನ ದೊಡ್ಡ ಗೂಳಿಯನ್ನೇ ಆ ಸಾಮಾನಿನ ಪಟ್ಟಿಯಲ್ಲಿ ಸೇರಿಸಿ ೧೯೬೪ರಲ್ಲಿ ಮಾರಾಟಕ್ಕೆ ಬಿಟ್ಟರು. ‘ಅವರು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದರು ನೋಡಿ’ ಎಂದು ಇಲ್ಲಿಗೆ ಬಂದಾಗ ಕೃಷ್ಣಸ್ವಾಮಿ ಹೋಳಿಗೆ ಹಿಡಿದ ಕೈಯನ್ನೇ ಬೀಸುತ್ತಿದ್ದರು. ಹೆಸರು ಇಟಲಿಯ ರೇಸಿನ ಗಾಡಿಯೊಂದರಿಂದ ಎತ್ತಿದ್ದು. ಅದರ ಕೊನೆಯ ಅಕ್ಷರಕ್ಕೆ ‘ರೇಸಿಗೆ ವಿಧಿವತ್ತಾಗಿ ಒಪ್ಪಿತವಾದದ್ದು’ ಎಂದು ಅರ್ಥ. ಇದಕ್ಕೆ ಯಾರೂ ಏನೂ ಒಪ್ಪಿಗೆ ಕೊಟ್ಟಿರಲಿಲ್ಲ. ಅರವತ್ತೈದರಲ್ಲಿ ದೀಪಗಳನ್ನು ಒಂದರ ಮೇಲೊಂದು ಜೋಡಿಸಿ, ಮುಂದಿನ ಜಾಲರಿಯನ್ನು ಇಬ್ಭಾಗ ಮಾಡಿ, ಬಾನೆಟ್ಟಿನ ನಡುವೆ ಗಾಳಿ ಎಳೆಯುವ ಹೊಳ್ಳೆಯೊಂದನ್ನು ಎಬ್ಬಿಸಿದರು. ಆ ಹೊಳ್ಳೆಯೂ ಶುದ್ಧ ಶೋಕಿ: ಒಳಗೆ ಮುಚ್ಚಿತ್ತು, ಗಾಳಿ ಹೋಗುತ್ತಿರಲಿಲ್ಲ. ಮುಂದಿನ ವರ್ಷ ಗಾಡಿಗೆ ಕೋಕ್ ಬಾಟಲಿಯ ಹಾಗೆ ಸೊಂಟ ಬಂತು, ಅರವತ್ತೆಂಟರಲ್ಲಿ ಮೂತಿಯ ಕ್ರೋಮ್ ಬಂಪರೇ ಮಾಯವಾಗಿ ಮೈಬಣ್ಣದ್ದೇ ಬಂತು. ಆಮೇಲೆ ಇನ್ಶೂರೆನ್ಸು, ಹೊಗೆಯ ಕಾನೂನು, ಪೆಟ್ರೋಲಿನ ಬರ ಎಲ್ಲ ಒಟ್ಟಿಗೆ ಬಂದು ಆ ಕುಲವೇ ಸೊರಗಿತು. ಕೃಷ್ಣಸ್ವಾಮಿಯವರಿಗೆ ಪ್ರಿಯವಾದದ್ದು ಮಾತ್ರ ಅರವತ್ತೈದು, ಉಸಿರಾಡದ ಮೂಗಿನ ಆ ಒಂದು ವರ್ಷ. ಜನರ ಉಸಿರು ಕಾಯುವ ಕೆಲಸದವರಿಗೆ ಅದು ಬಹಳ ದೊಡ್ಡ ತಮಾಷೆಯಾಗಿ ಕಂಡಿತ್ತು.

ಇನ್ನೂ ಒಂದು ತಮಾಷೆಯಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮುನ್ನೂರೆಂಬತ್ತೊಂಬತ್ತು ಘನ ಇಂಚನ್ನು ಲೀಟರಿಗೆ ತಿರುಗಿಸಿದರೆ ಆರೂವರೆ ಬರುವುದಿಲ್ಲ. ಆರು ಪಾಯಿಂಟ್ ಮೂರು ಏಳು. ಕಂಪನಿಯವರೇ ಬಿಲ್ಲೆಯ ಮೇಲೆ ಚೂರು ಏರಿಸಿ ಬರೆದಿದ್ದರು. ನಿದ್ದೆ ಬಾರದಾಗ ಕೃಷ್ಣಸ್ವಾಮಿ ಈ ಲೆಕ್ಕವನ್ನು ಜಪದ ಹಾಗೆ ಮಾಡುತ್ತಿದ್ದರು. ‘ಕಂಪನಿಯವರು ಇಷ್ಟು ಹೇಳಿದರು, ನಾನು ಅದರ ಮೇಲೆ ಇನ್ನೊಂದಿಷ್ಟು ಹೇಳಿದೆ. ಹುಟ್ಟಿದ್ದೇ ಸುಳ್ಳಿನಲ್ಲಿ ಹುಟ್ಟಿದ ವಂಶ, ಅದಕ್ಕೆ ನಾನೂ ಒಂದು ಕುಡಿ ಸೇರಿಸಿದೆ’ ಎಂದುಕೊಳ್ಳುತ್ತಿದ್ದರು. ಆದರೆ ಆ ಲೆಕ್ಕ ಎಂದೂ ಸರಿಯಾಗಿ ಕೂಡಿಬರುತ್ತಿರಲಿಲ್ಲ. ಯಾಕೆಂದರೆ ಕಂಪನಿಯವರು ಸುಳ್ಳು ಹೇಳಿದ್ದು ಊರಿಗೆ. ಇವರು ಹೇಳಿದ್ದು ಒಂದು ಹುಡುಗಿಗೆ.

‘ಶಾರದಾ ಆಂಟಿ, ಕಂಫರ್ಟಬಲ್ ಆಗಿದೀರಾ ಹಿಂದೆ?’ ಚೈತನ್ಯಾ ಕನ್ನಡಿಯಲ್ಲಿ ಕೇಳಿದಳು. ‘ನಂದೇನಮ್ಮ, ಈ ಸೀಟಲ್ಲಿ ನಾನು ಕೂತು ಕೂತು ಗುಂಡಿಯೇ ಬಿದ್ದಿದೆ’ ಎಂದಳು ಶಾರದಾ. ಕೃಷ್ಣಸ್ವಾಮಿಯವರಿಗೆ ೧೯೭೦ ನೆನಪಾಯಿತು: ಗುಜರಿ ಅಂಗಡಿಯಲ್ಲಿ ನಿಜವಾದ ಜಿಟಿಓ ಒಂದು ಬಿದ್ದಿತ್ತು. ಕೆರೊಲಿನಾದ ಗ್ರೀನ್ಸ್‌ಬೊರೊ ಊರಾಚೆ, ಕೆಮ್ಮಣ್ಣಿನ ಬಯಲಿನಲ್ಲಿ. ಹಿಂದಿನಿಂದ ಲಾರಿ ಗುದ್ದಿ ಅರ್ಧ ಗಾಡಿ ಮುದ್ದೆಯಾಗಿತ್ತು, ಮುಂದಿನ ಅರ್ಧಕ್ಕೆ ಏನೂ ಆಗಿರಲಿಲ್ಲ. ಇವರಿಗೆ ಆಗ ಅಲ್ಲಿನ ಆಸ್ಪತ್ರೆಯಲ್ಲಿ ತರಬೇತಿಯ ಎರಡನೇ ವರ್ಷ. ಕೇಶವಮೂರ್ತಿ ಬಟ್ಟೆ ಗಿರಣಿಯ ಲ್ಯಾಬಿನಲ್ಲಿ ಬಣ್ಣ ಕಲಸುತ್ತಿದ್ದ. ‘ಲೋ ಕಿಟ್ಟಿ, ಮೂತಿ ನೋಡೋ, ಮೂತಿ! ನಿನ್ನ ಗಾಡಿಗೆ ಹೇಳಿ ಮಾಡಿಸಿದ ಹಾಗಿದೆ’ ಎಂದವನು ಅವನೇ. ಆ ಗಾಡಿ ಕೆಂಪು, ಇವರದ್ದು ನವಿಲುಬಣ್ಣ. ಕೇಶವಮೂರ್ತಿಯೇ ಬಣ್ಣ ಹೊಂದಿಸಿಕೊಟ್ಟ. ಬಾನೆಟ್ಟಿನ ಮೇಲ್ಭಾಗಕ್ಕೆ ಮಾತ್ರ ಸಾಕಾಯಿತು, ಕೆಳಗೆ ಕೆಂಪು ಹಾಗೇ ಉಳಿಯಿತು. ಆ ವರ್ಷದ ಗಾಡಿಗಳ ಮೈಮೇಲೆ ಕಾರ್ಖಾನೆಯವರು ಕೊರೆದ ನಂಬರಿಗೆ ಬಾಯಿಲ್ಲ. ಜಿಟಿಓ ಆಗಿರಲಿ ಲೆಮಾನ್ಸ್ ಆಗಿರಲಿ, ಅದು ಒಂದೇ ತರಹ ಶುರುವಾಗುತ್ತದೆ. ಬಾನೆಟ್ ಎತ್ತದಿದ್ದರೆ ಮುಗಿಯಿತು. ಐವತ್ತಮೂರು ವರ್ಷ ಕೃಷ್ಣಸ್ವಾಮಿ ಬಲ್ಲವರ ಎದುರು ಬಾನೆಟ್ ಎತ್ತಿರಲಿಲ್ಲ.

ಆ ಮೂತಿಗೆ ಒರಗಿ ನಿಂತು ತೆಗೆಸಿಕೊಂಡ ಫೋಟೋ ಜಾತಕದ ಜೊತೆ ಶಾರದಾಳ ಮನೆಗೆ, ಮೈಸೂರಿನ ಲಕ್ಷ್ಮೀಪುರಕ್ಕೆ ಹೋಯಿತು. ಪತ್ರದಲ್ಲಿ ಬಿಲ್ಲೆಯ ವಿಷಯವನ್ನೂ ಬರೆದಿದ್ದರು: ಎಂಜಿನ್ನು ಆರೂವರೆ ಲೀಟರು. ಹೆಡ್‌ಮಾಸ್ಟರಾಗಿದ್ದ ಮಾವನವರು ಪತ್ರವನ್ನು ಎರಡು ಸಲ ಓದಿ, ‘ಆರೂವರೆ ಲೀಟರು ದಿನಕ್ಕೋ ವಾರಕ್ಕೋ?’ ಎಂದು ಕೇಳಿದರಂತೆ. ಲೆಕ್ಕದಲ್ಲಿ ಬಿ.ಎಸ್ಸಿ. ಮಾಡುತ್ತಿದ್ದ ಶಾರದಾ ಅವರಿಗೆ ಬಿಡಿಸಿ ಹೇಳಿದ್ದಳು: ಅಂಬಾಸಿಡರಿಗೆ ಒಂದೂವರೆ ಲೀಟರು, ಅಂದರೆ ಇದು ನಾಲ್ಕು ಅಂಬಾಸಿಡರು, ಮೇಲೆ ಮೂರು ಸ್ಕೂಟರು. ಶಿವಮೊಗ್ಗದ ಬ್ಯಾಂಕಿನವನೊಬ್ಬನ ಜಾತಕವೂ ಆಗ ಮನೆಯಲ್ಲಿತ್ತು. ‘ಅವನಿಗೆ ಸೈಕಲ್ಲಿತ್ತು ಕಣ್ರೀ, ಅದಕ್ಕೇ ನಿಮ್ಮನ್ನ ಒಪ್ಪಿದೆ’ ಎಂದು ಶಾರದಾ ಎಷ್ಟೋ ಸಲ ಎಲ್ಲರ ಮುಂದೆ ನಗಿಸಿದ್ದಳು. ಎಲ್ಲರೂ ನಗುವಾಗ ಕೃಷ್ಣಸ್ವಾಮಿಯೂ ನಗುತ್ತಿದ್ದರು, ನಕ್ಕು ಮುಗಿದ ಮೇಲೆ ನೀರು ಕುಡಿಯುತ್ತಿದ್ದರು. ತಮಾಷೆಗೆ ಹೇಳುತ್ತಾಳೋ ನಿಜಕ್ಕೋ ಎಂದು ಕೇಳುವ ಧೈರ್ಯ ಐವತ್ತೆರಡು ವರ್ಷದಲ್ಲಿ ಬಂದಿರಲಿಲ್ಲ.

ಗ್ರೀನ್‌ಬೆಲ್ಟ್ ಹತ್ತಿರ ಚೈತನ್ಯಾ ಬೆಲ್ಟ್‌ವೇ ಬಿಟ್ಟಳು. ‘ತುಂಬ ಸ್ವೀಟ್ ಆಗಿ ಓಡತ್ತೆ ಅಂಕಲ್, ಕ್ಯಾಮ್ರಿ ತರ’ ಎಂದಳು. ಮನೆಮಂದಿಯ ಸಾಧು ಕಾರಿಗೆ ಹೋಲಿಸಿದ್ದಕ್ಕೆ ಕೃಷ್ಣಸ್ವಾಮಿಯವರ ಬೆನ್ನು ನೆಟ್ಟಗಾಯಿತು. ‘ಹಾಗನ್ಸುತ್ತೆ ಅಷ್ಟೇ. ಕಾಲು ಸ್ವಲ್ಪ ಜೋರಾಗಿ ಇಟ್ಟರೆ ಚಿರತೆ’ ಎಂದರು. ಹಿಂದಿನಿಂದ ಶಾರದಾ, ‘ಹ್ಞೂ ಚೈತೂ, ಹುಷಾರು ಕಣೆ. ನನಗೊಂದ್ಸಲ ಆಗಿದೆ’ ಎಂದಳು. ಅದು ಎಪ್ಪತ್ತನಾಲ್ಕನೇ ಇಸವಿ. ದಿನಸಿ ಅಂಗಡಿಯ ಖಾಲಿ ಪಾರ್ಕಿಂಗ್ ಲಾಟು. ಒಂದು ಸುತ್ತು, ಒಂದೇ ಒಂದು ಸುತ್ತು ಎಂದು ಅವಳು ಕೇಳಿಕೊಂಡು ಸ್ಟೀರಿಂಗ್ ಹಿಂದೆ ಕೂತಿದ್ದಳು. ಬ್ರೇಕು ತುಸು ಒತ್ತಿದ್ದು ಜಾಸ್ತಿಯಾಗಿ ಗಾಡಿ ಮುಗ್ಗರಿಸಿ ನಿಂತಿತು. ಮುಂದಿದ್ದ ತಳ್ಳುಗಾಡಿಯೊಂದು ಬಂಪರಿಗೆ ಟಣ್ ಎಂದು ತಾಗಿತು. ಗೀರೂ ಬೀಳಲಿಲ್ಲ. ಕೃಷ್ಣಸ್ವಾಮಿ ಇಡೀ ಲಾಟಿಗೆ ಕೇಳುವ ಹಾಗೆ ಕನ್ನಡದಲ್ಲಿ ಕಿರುಚಿದ್ದರು: ‘ಆರೂವರೆ ಲೀಟರ್ ಕಣೇ ಇದು! ನಿಮ್ಮಪ್ಪನ ಊರಿನ ಅಂಬಾಸಿಡರ್ ಅಂದ್ಕೊಂಡ್ಯಾ? ನಿನ್ನ ಕೈಗೆ ಬಗ್ಗೋ ಗಾಡಿಯಲ್ಲ!’ ಅವಳು ಕೀಲಿ ತೆಗೆದು ಅವರ ಅಂಗೈ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಇಳಿದು, ಆ ಕಡೆಯಿಂದ ಬಂದು ಕೂತಳು. ಮತ್ತೆ ಕೇಳಲಿಲ್ಲ. ಅವರಿಗೆ ಹೆದರಿಕೆಯಾದದ್ದು ಗಾಡಿ ಓಡಿಹೋಗುತ್ತದೆಂದಲ್ಲ. ಓಡಿಹೋಗುವುದಿಲ್ಲ, ಹಸುವಿನಂಥ ಗಾಡಿ ಎಂಬುದು ಅವಳ ಕಾಲಿಗೆ ತಿಳಿದುಬಿಡುತ್ತದಲ್ಲ ಎಂದು.

ಆಮೇಲೆ ಅವಳಿಗೆ ಕಂದುಬಣ್ಣದ ಸ್ಟೇಷನ್ ವ್ಯಾಗನ್ ಬಂತು, ಆಮೇಲೊಂದು ವ್ಯಾನು, ಆಮೇಲೆ ಇನ್ನೊಂದು. ಹಿಮ ಬಿದ್ದ ಬೆಟ್ಟದಿಂದ ತನ್ನಿಬ್ಬರು ಮಕ್ಕಳನ್ನು ಶಾಲೆಗೆ ಇಳಿಸಿದವಳು ಅವಳು. ಬೇಸಿಗೆ ರಜೆಗೆ ಬಂದ ಈ ಚೈತನ್ಯಾಗೆ ಗಾಡಿ ಕಲಿಸಿದವಳೂ ಅವಳೇ. ಅರ್ಧ ಶತಮಾನದಲ್ಲಿ ಪೊಲೀಸರು ದಂಡ ಹಾಕಿದ ಒಂದು ಟಿಕೆಟ್ಟಿಲ್ಲ. ಕೃಷ್ಣಸ್ವಾಮಿಯವರಿಗೆ ಏಳು. ಆದರೂ ಎಲ್ಲಾದರೂ ಜನ ಸೇರಿದ್ದಲ್ಲಿ, ‘ಆಂಟಿ, ನೀವು ಜಿಟಿಓ ಓಡಿಸಲ್ವಾ?’ ಎಂದು ಯಾರಾದರೂ ಕೇಳಿದರೆ ಶಾರದಾ ಕೈ ಆಡಿಸಿ, ‘ಅಯ್ಯೋ ನಮ್ಮಪ್ಪ, ಆರೂವರೆ ಲೀಟರು, ನನ್ನ ಕೈಲಾಗತ್ತಾ?’ ಎನ್ನುತ್ತಿದ್ದಳು. ಅವಳು ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದಳು. ಅದು ಕೃಷ್ಣಸ್ವಾಮಿಯವರಿಗೆ ಎಲ್ಲಕ್ಕಿಂತ ಚುಚ್ಚುತ್ತಿತ್ತು, ನಾಚಿಕೆಯಾಗುತ್ತಿತ್ತು, ಆದರೂ ಅವರು ಬಾಯಿ ಬಿಡುತ್ತಿರಲಿಲ್ಲ.

ಗುಡ್ ಲಕ್ ರೋಡ್ ಎಂಬ ಹೆಸರಿನ ರಸ್ತೆ ದಾಟಿ ದೇವಸ್ಥಾನದ ಗೋಪುರ ಕಂಡಾಗ ಕೃಷ್ಣಸ್ವಾಮಿಯವರಿಗೆ ಉಪಾಯ ಹೊಳೆಯಿತು. ಎಷ್ಟು ಸುಲಭ! ಭಟ್ಟರು ಕೇಳಿದಾಗ ‘ಪಾಂಟಿಯಾಕ್’ ಎಂದುಬಿಡುವುದು. ಪಾಂಟಿಯಾಕ್ ನಾಮಕ ವಾಹನಸ್ಯ. ದೇವರಿಗೂ ಸತ್ಯ, ಶಾರದಾಗೂ ಸತ್ಯ. ಚಾಪೆಯೂ ಅಲ್ಲ ರಂಗೋಲಿಯೂ ಅಲ್ಲ, ಎರಡರ ಮಧ್ಯೆ ನೆಟ್ಟಗೆ ನಡೆದುಹೋಗುವ ದಾರಿ. ಅವರಿಗೆ ಎಷ್ಟು ಹಗುರವಾಯಿತೆಂದರೆ ಪಾರ್ಕಿಂಗಿನಲ್ಲಿ ಇಳಿದವರೇ ಎದುರು ಸಿಕ್ಕ ಯಾರೋ ಅಪರಿಚಿತರಿಗೆ ನಮಸ್ಕಾರ ಹೊಡೆದರು. ಮೂವರೂ ಚಪ್ಪಲಿಯನ್ನು ಗಾಡಿಯಲ್ಲೇ ಬಿಟ್ಟರು. ಅಕ್ಟೋಬರಿನ ಡಾಂಬರು ಕೃಷ್ಣಸ್ವಾಮಿಯವರಿಗೆ ಸಾಕ್ಸಿನ ಮೂಲಕವೂ ತಣ್ಣಗೆ ತಾಗಿತು.

ಪಕ್ಕದ ಗೆರೆಯಲ್ಲಿ ಹೊಸ ಟೆಸ್ಲಾ ಒಂದರ ಪೂಜೆ ಮುಗಿಯುತ್ತಿತ್ತು. ಭಟ್ಟರು ಅಲ್ಲಿಂದ ಇತ್ತ ತಿರುಗಿ, ಗಾಡಿ ನೋಡಿ, ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತರು. ‘ಆಹಾ! ಇದಪ್ಪಾ ಗಾಡಿ ಅಂದ್ರೆ. ಅಲ್ಲಿ ನೋಡಿ ಡಾಕ್ಟ್ರೇ, ಬಾನೆಟ್ ತೆಗುದ್ರೆ ಒಳಗೆ ಬರೀ ಚೀಲ ಇಡೋ ಜಾಗ, ಕುಂಕುಮ ಎಲ್ಲಿಗಿಡ್ಲಿ ನಾನು? ನಿಮ್ದು ತೆಗೀರಿ, ಎಂಜಿನ್ನಿಗೇ ಇಡೋಣ, ಅದೇ ಅಲ್ವೇ ಪ್ರಾಣ.’ ಕೃಷ್ಣಸ್ವಾಮಿ, ‘ಬೇಡ ಭಟ್ಟರೆ, ಹಳೇದು, ಬಿಸಿಯಾಗಿರುತ್ತೆ’ ಎನ್ನುವಷ್ಟರಲ್ಲಿ ಚೈತನ್ಯಾ ಕೈ ಹಾಕಿ ಎತ್ತಿಯೇಬಿಟ್ಟಳು. ನವಿಲುಬಣ್ಣದ ಬಾನೆಟ್ಟಿನ ಒಳಮೈ ಬೆಳಗಿನ ಬಿಸಿಲಿಗೆ ಕೆಂಪಗೆ ತೆರೆದುಕೊಂಡಿತು. ‘ಅರೆ, ಒಳಗಡೆ ಕುಂಕುಮದ ಬಣ್ಣ! ಶುಭ, ಬಹಳ ಶುಭ’ ಎಂದರು ಭಟ್ಟರು. ಶಾರದಾಳೂ ಬಗ್ಗಿ ನೋಡಿ, ‘ಅಬ್ಬ, ಎಷ್ಟು ದೊಡ್ಡದಿದೆ ಅಲ್ವೇ’ ಎಂದು ಎಂಜಿನ್ನಿಗೆ ಕೈಮುಗಿದಳು. ಕೃಷ್ಣಸ್ವಾಮಿ ಬೇರೆ ಕಡೆ ನೋಡಿದರು.

ನಿಂಬೆಹಣ್ಣು ಇಡಲು ಚೈತನ್ಯಾ ಹಿಂದಕ್ಕೆ ಬಂದಾಗ ಇವರೂ ಬಂದರು. ಅವಳು ಚಕ್ರದ ಮುಂದೆ ಹಣ್ಣು ಇಟ್ಟು, ಅಲ್ಲೇ ಕುಕ್ಕರಗಾಲಲ್ಲಿ ಕೂತು, ದನಿ ತಗ್ಗಿಸಿ, ‘ಅಂಕಲ್, ಯೂ ನೋ, ಜಿಟಿಓಗೆ ಯಾವಾಗ್ಲೂ ಎರಡು ಪೈಪ್’ ಎಂದಳು. ಕೃಷ್ಣಸ್ವಾಮಿ ಬಗ್ಗಿ ನೋಡಿದರು. ಬಂಪರಿನ ಕೆಳಗೆ ಹೊಗೆ ಬಿಡುವ ಪೈಪು ಒಂದೇ ಒಂದು, ಬಲಗಡೆ, ಬಡಪಾಯಿಯ ಹಾಗೆ ಇಣುಕುತ್ತಿತ್ತು. ಗುಜರಿಯ ಗಾಡಿಗೆ ಹಿಂಭಾಗವೇ ಇರಲಿಲ್ಲವಲ್ಲ. ಇಬ್ಬರು ಜಾಣರು ಮೂತಿಯನ್ನಷ್ಟೇ ತಿದ್ದಿದ್ದರು. ಇನ್ನೊಂದು ತುದಿಯ ಯೋಚನೆಯೇ ಬಂದಿರಲಿಲ್ಲ. ಐವತ್ತಮೂರು ವರ್ಷದಿಂದ ರಸ್ತೆಯಲ್ಲಿ ಅವರ ಹಿಂದೆ ಬಂದ ಬಲ್ಲವರಿಗೆಲ್ಲ ಗೊತ್ತಿತ್ತು. ಕಿವಿಯವರೆಗೂ ಬಿಸಿಯಾಯಿತು. ‘ಎಲ್ರಿಗೂ ಗೊತ್ತಾ?’ ‘ನಿಮ್ಮ ಹಳೆ ಕಾರಿನವರ ಸಂಡೇ ಮೀಟ್‌ನಲ್ಲಿ ಎಲ್ರಿಗೂ. ಬಟ್ ದೇ ಲವ್ ಯೂ ಅಂಕಲ್. ಸೋ ಯಾರೂ ಹೇಳಲ್ಲ.’ ‘ನಿನಗೆ ಯಾವಾಗ ಗೊತ್ತಾಯ್ತು?’ ‘ಹೈಸ್ಕೂಲ್. ಅಪ್ಪನ್ನ ಕೇಳ್ದೆ. ಹೀ ಲಾಫ್ಡ್ ಸೋ ಮಚ್, ಕೆಮ್ಮು ಬಂತು.’ ಅವಳು ಎದ್ದು ಕೈ ಒರೆಸಿಕೊಂಡು, ‘ಆಂಟಿಗೆ ಗೊತ್ತು ತಾನೇ?’ ಎಂದಳು. ಕೃಷ್ಣಸ್ವಾಮಿ ಬಗ್ಗಿ, ಸರಿಯಾಗೇ ಇದ್ದ ನಿಂಬೆಹಣ್ಣನ್ನು ಮತ್ತೆ ಸರಿಮಾಡಿದರು. ಅವಳ ಮುಖ ಬದಲಾಯಿತು. ‘ಓ ನೋ. ಅಂಕಲ್?’ ಎಂದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಭಟ್ಟರು, ‘ಬನ್ನಿ ಬನ್ನಿ, ಹನ್ನೊಂದಕ್ಕೆ ಇನ್ನೊಂದಿದೆ’ ಎಂದು ಕರೆದರು.

ಗಂಡಹೆಂಡಿರು ಒಟ್ಟಿಗೆ ನಿಂತರು. ಶಾರದಾ ಪದ್ಧತಿಯಂತೆ ಅವರ ತೋಳನ್ನು ಎರಡು ಬೆರಳಲ್ಲಿ ಮುಟ್ಟಿಕೊಂಡಳು. ಅಕ್ಷತೆ ಬಂತು, ನೀರು ಬಂತು. ಕ್ರೌಂಚದ್ವೀಪೇ, ಶೋಭಕೃನ್ನಾಮ ಸಂವತ್ಸರೇ, ಶರದೃತೌ, ಆಶ್ವಯುಜ ಮಾಸೇ. ಪಾಂಟಿಯಾಕ್, ಪಾಂಟಿಯಾಕ್ ಎಂದು ಕೃಷ್ಣಸ್ವಾಮಿ ಬಾಯೊಳಗೇ ಹೇಳಿಕೊಳ್ಳುತ್ತಿದ್ದರು. ಭಟ್ಟರು ಗೋತ್ರ ಕೇಳಿದರು, ಹೇಳಿದರು. ನಕ್ಷತ್ರ ಕೇಳಿದರು, ಶಾರದಾ ಹೇಳಿದಳು. ಗಾಡಿಯ ಹೆಸರನ್ನು ಭಟ್ಟರು ಕೇಳಲೇ ಇಲ್ಲ. ತಟ್ಟೆಯಲ್ಲಿ ವೀಳ್ಯದೆಲೆಯ ಕೆಳಗೆ ಮಡಿಸಿಟ್ಟಿದ್ದ ಆನ್‌ಲೈನ್ ರಸೀದಿಯನ್ನು ಬಿಡಿಸಿ, ಕನ್ನಡಕ ಮೇಲಕ್ಕೇರಿಸಿ, ರಾಗವಾಗಿ ಓದಿದರು: ‘ನೈಂಟೀನ್ ಸಿಕ್ಸ್ಟಿ ಫೈವ್ ಪಾಂಟಿಯಾಕ್ ಲೆಮಾನ್ಸ್ ನಾಮಕ ವಾಹನಸ್ಯ...’

‘ಒಂದ್ನಿಮಿಷ ಭಟ್ಟರೆ,’ ಶಾರದಾ ಎಂದಳು. ‘ತಪ್ಪು ಓದಿದ್ರಿ. ಇದು ಜಿಟಿಓ.’

ಭಟ್ಟರು ಕಾಗದ ತೋರಿಸಿದರು. ‘ಇಲ್ಲಿ ಹೀಗೇ ಇದೆಯಮ್ಮ.’ ಚೈತನ್ಯಾ ನೆಲ ನೋಡುತ್ತ, ‘ಆಂಟಿ, ಅದು... ಐ ಫಿಲ್ಡ್ ದ ಫಾರ್ಮ್’ ಎಂದಳು. ಆಮೇಲೆ ಇನ್ನೂ ಸಣ್ಣಗೆ, ‘ಫಾರ್ಮ್‌ನಲ್ಲಿ ಸುಳ್ಳು ಬರೀಬಾರ್ದು ಅಂತ ಅಪ್ಪ ಹೇಳೋರು’ ಎಂದಳು. ವೀಸಾ, ಗ್ರೀನ್ ಕಾರ್ಡು, ಪೌರತ್ವ ಎಂದು ಜೀವಮಾನವಿಡೀ ಫಾರಮ್ಮು ತುಂಬಿದ ಅಪ್ಪ ಮಗಳಿಗೆ ಕಲಿಸಿದ ಧರ್ಮ ಅದು. ‘ಸುಳ್ಳು ಯಾಕಮ್ಮ ಬರೀಬೇಕು, ನಿಜಾನೇ ಬರೀಬಹುದಿತ್ತಲ್ಲ’ ಎಂದಳು ಶಾರದಾ, ನಗುತ್ತ. ‘ಭಟ್ಟರೆ, ಐವತ್ತೆರಡು ವರ್ಷದಿಂದ ಹತ್ತಿ ಇಳೀತಿರೋ ಗಾಡಿ, ನನಗೆ ಗೊತ್ತಿಲ್ವೇ? ಅಲ್ಲಿ ನೋಡಿ, ಬಿಲ್ಲೆ ಮೇಲೇ ಬರೆದಿದೆ, ಆರೂವರೆ ಲೀಟರು. ನಮ್ಮಪ್ಪನಿಗೆ ಕಾಗದ ಬರೆದಿದ್ರು ಇವರು. ಹೇಳ್ರೀ ಅವರಿಗೆ.’

ಭಟ್ಟರು ಇವರ ಕಡೆ ತಿರುಗಿದರು. ‘ಯಾವ್ದು ಹೇಳ್ಲಿ ಡಾಕ್ಟ್ರೇ?’

ಮೂರಕ್ಷರ ಹೇಳಿದ್ದರೆ ಸಾಕಿತ್ತು. ಜಿಟಿಓ ಎಂದಿದ್ದರೆ ಭಟ್ಟರು ಅದನ್ನೇ ರಾಗವಾಗಿ ಹಾಡುತ್ತಿದ್ದರು, ಚೈತನ್ಯಾ ಸುಮ್ಮನಿರುತ್ತಿದ್ದಳು, ದೇವರು ಇಂಥದ್ದನ್ನು ಎಷ್ಟು ನೋಡಿಲ್ಲ. ಪಾಂಟಿಯಾಕ್ ಎಂದಿದ್ದರೂ ನಡೆಯುತ್ತಿತ್ತೇನೋ. ಆದರೆ ಶಾರದಾಳ ಎರಡು ಬೆರಳು ಇನ್ನೂ ಅವರ ತೋಳಿನ ಮೇಲಿದ್ದವು. ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅವಳೊಬ್ಬಳಿಗೆ ಗೊತ್ತಿರಲಿಲ್ಲ. ದಡ್ಡಿಯಾಗಿ ಅಲ್ಲ, ಗಂಡ ಹೇಳಿದ್ದನ್ನು ನಂಬಿ, ಮತ್ತು ಯಾವಾಗಲೂ ಗಾಡಿಯ ಒಳಗೇ ಕೂತು. ಈಗ ದೇವಸ್ಥಾನದ ಪಾರ್ಕಿಂಗಿನಲ್ಲಿ ಬರಿಗಾಲಲ್ಲಿ ನಿಂತು ಅವರ ಪರವಾಗಿ ಜಗಳಕ್ಕೆ ನಿಂತಿದ್ದಳು. ಕೃಷ್ಣಸ್ವಾಮಿಯವರಿಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

‘ಭಟ್ಟರು ಸರಿಯಾಗೇ ಓದಿದ್ರು ಶಾರದಾ,’ ಎಂದರು. ‘ಇದು ಲೆಮಾನ್ಸು. ಮೂತಿ ಮಾತ್ರ ಗುಜರೀದು. ನಾನೂ ಕೇಶವಾನೂ ಹಾಕಿದ್ದು, ನಿನ್ನನ್ನ ನೋಡೋಕ್ಕೆ ಮುಂಚೆ.’

ಬೆರಳು ತೋಳಿನಿಂದ ಎದ್ದವು. ಶಾರದಾ ಗಾಡಿಯ ಮುಖ ನೋಡಿದಳು, ಇವರ ಮುಖ ನೋಡಿದಳು. ಟೆಸ್ಲಾದವರು ಮಗುವಿಗೆ ಲಾಡು ತಿನ್ನಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ‘ಎಷ್ಟು ಲೀಟರು?’ ಎಂದಳು.

‘ಐದು ಪಾಯಿಂಟ್ ಮೂರು.’

ಅವಳ ತುಟಿ ಸಣ್ಣಗೆ ಅಲುಗಿತು, ಲೆಕ್ಕ ಹಾಕುತ್ತಿದ್ದಳು. ‘ಹತ್ರ ಹತ್ರ ಒಂದು ಅಂಬಾಸಿಡರ್ ನುಂಗಿಹಾಕಿದ್ರಿ.’ ಕೃಷ್ಣಸ್ವಾಮಿ ನಗಲೋ ಬೇಡವೋ ಎಂದು ನೋಡಿದರು. ಅವಳು ನಗುತ್ತಿರಲಿಲ್ಲ. ‘ಹೋಗ್ಲಿ ಬಿಡಿ, ಗಾಡಿ ನೋಡಿ ಯಾರು ಮದುವೆ ಆಗ್ತಾರೆ. ಆ ಬ್ಯಾಂಕಿನವನಿಗೆ ಸೈಕಲ್ಲೂ ಇರಲಿಲ್ಲ, ನಾನೇ ಕಟ್ಟಿ ಹೇಳಿದ್ದು.’ ಆಮೇಲೆ, ದನಿ ಬೇರೆಯಾಗಿ, ‘ಹಾಗಿದ್ರೆ ನಾನು ಓಡಿಸಬಹುದಾಗಿತ್ತು’ ಎಂದಳು.

ಭಟ್ಟರು ಗಂಟಲು ಸರಿಮಾಡಿಕೊಂಡು ಲೆಮಾನ್ಸ್ ಎಂದೇ ಸಂಕಲ್ಪ ಮುಗಿಸಿದರು. ಕಾಯಿ ಒಡೆದರು, ಆರತಿ ಎತ್ತಿದರು, ಬಾನೆಟ್ ಇಳಿಸಿ ಅದರ ಮೇಲೆ ಸ್ವಸ್ತಿಕ ಬರೆದರು. ‘ಈಗ ಯಾರು ನಿಂಬೆಹಣ್ಣಿನ ಮೇಲೆ ಹತ್ತಿಸೋರು?’ ಎಂದರು. ಚೈತನ್ಯಾ ಮುಂದೆ ಬಂದಳು. ಶಾರದಾ ಅವಳ ಎದುರು ಅಂಗೈ ಚಾಚಿದಳು. ‘ಕೀ ಕೊಡಮ್ಮ.’ ಚೈತನ್ಯಾ ಇವರ ಕಡೆ ಒಂದು ಸಲವೂ ನೋಡದೆ ಕೊಟ್ಟುಬಿಟ್ಟಳು. ರೇಷ್ಮೆ ಸೀರೆಯ ನೆರಿಗೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಶಾರದಾ ಸ್ಟೀರಿಂಗ್ ಹಿಂದೆ ಕೂತಳು, ಸೀಟನ್ನು ಮುಂದಕ್ಕೆಳೆದಳು, ಕನ್ನಡಿ ತಿರುಗಿಸಿಕೊಂಡಳು. ಕೃಷ್ಣಸ್ವಾಮಿ ಅವಸರದಿಂದ ಆಚೆ ಬಾಗಿಲಿಗೆ ಹೋದರು. ಅವಳು ಕೈ ಚಾಚಿ ಒಳಗಿನಿಂದ ಆ ಬಾಗಿಲಿನ ಲಾಕಿನ ಗುಬಟು ಒತ್ತಿದಳು. ಗಾಜಿನ ಆಚೆಯಿಂದ, ‘ನೀವು ಅಲ್ಲೇ ನಿಂತು ನೋಡಿ’ ಎಂದಳು.

ನಾಲ್ಕು ನಿಂಬೆಹಣ್ಣೂ ಒಟ್ಟಿಗೆ ಪಚಕ್ಕೆಂದವು. ಗಾಡಿ ಹಾರಲಿಲ್ಲ, ಮುಗ್ಗರಿಸಲಿಲ್ಲ; ಅವಳು ಜೀವಮಾನವೆಲ್ಲ ಅದನ್ನೇ ಓಡಿಸಿದವಳ ಹಾಗೆ ಸಾಲುಗಳ ನಡುವೆ ತಿರುವಿಕೊಂಡು ಹೋದಳು. ಕೃಷ್ಣಸ್ವಾಮಿ ತಮ್ಮ ಗಾಡಿ ಹೋಗುವುದನ್ನು ಹಿಂದಿನಿಂದ ನೋಡಿದ್ದು ಅದೇ ಮೊದಲು. ಒಂಟಿ ಪೈಪು, ಅದರಿಂದ ತೆಳ್ಳನೆಯ ಹೊಗೆ. ಗೇಟಿನ ಹತ್ತಿರ ಬ್ರೇಕಿನ ದೀಪ ಹತ್ತಿತು, ಎಡಕ್ಕೆ ಇಂಡಿಕೇಟರ್ ಮಿನುಗಿತು. ಒಂದು ಸುತ್ತು ಹಾಕಿ ಬರುವವರು ಬಲಕ್ಕೆ ತಿರುಗಬೇಕಿತ್ತು. ರಸ್ತೆಗೆ ಇಳಿದ ಮೇಲೆ ಅವಳು ಕಾಲು ಪೂರ್ತಿ ಒತ್ತಿದಳೆಂದು ಕಾಣುತ್ತದೆ. ಕೃಷ್ಣಸ್ವಾಮಿ ಎಂದೂ ಧೈರ್ಯಮಾಡಿ ಎಬ್ಬಿಸದಿದ್ದ ಸದ್ದೊಂದು ಮರಗಳ ಆಚೆಯಿಂದ ಎದ್ದು, ಬಹಳ ಹೊತ್ತು ಕೇಳಿಸಿ, ದೂರವಾಯಿತು. ‘ಗೋ ಆಂಟಿ!’ ಎಂದು ಚೈತನ್ಯಾ ಎರಡೂ ಕೈ ಎತ್ತಿ ಕೂಗಿದಳು.

ಭಟ್ಟರು ಒಡೆದ ಕಾಯಿಯ ಒಂದು ಹೋಳನ್ನು ಇವರ ಕೈಗೆ ಕೊಟ್ಟು, ಖಾಲಿ ಗೇಟನ್ನು ನೋಡಿ, ‘ಅಮ್ಮ ಒಂದು ರೌಂಡ್ ಹಾಕ್ಕೊಂಡು ವಾಪಸ್ ಬರ್ತಾರೆ ತಾನೇ ಡಾಕ್ಟ್ರೇ?’ ಎಂದು ಕೇಳಿದರು.

ನಿಂಬೆಯ ರಸಕ್ಕೆ ಒಂದು ಕಾಲಿನ ಸಾಕ್ಸು ಒದ್ದೆಯಾಗಿತ್ತು. ‘ಹೇಳೋಕ್ಕಾಗಲ್ಲ ಭಟ್ಟರೆ,’ ಎಂದರು ಕೃಷ್ಣಸ್ವಾಮಿ. ‘ನನ್ನ ಚಪ್ಪಲಿಯೂ ಅದರಲ್ಲೇ ಹೋಯ್ತು.’